ಕಚ್ಚದ ಬೂಟು

ಹೊಸ ಬೂಟು ಕಚ್ಚಲೇಬೇಕು. ಸ್ವೇಲ್ ಕಣಿವೆಯ ಗಂಡಸರು ಈ ಮಾತನ್ನು ಭಾನುವಾರದ ಪ್ರವಚನಕ್ಕಿಂತ ಹೆಚ್ಚು ನಂಬುತ್ತಾರೆ. ಎಜ್ರಾ ಕೋಟ್ಸ್ ಹೊಲಿದ ಬೂಟೆಂದರೆ ಸುಮ್ಮನೆ ಅಲ್ಲ. ಕಣಕಾಲನ್ನು ಬಿಗಿಹಿಡಿಯುವ ದಪ್ಪ ಚರ್ಮ, ಎರಡು ಪದರದ ಅಟ್ಟೆ, ಮೂತಿಯ ಮೇಲೂ ಅಂಚಿನುದ್ದಕ್ಕೂ ಕೊರೆದ ತೂತುಗಳ ಸಾಲು. ಬ್ರೋಗ್ ಅನ್ನುತ್ತಾರೆ ಆ ಕೆಲಸಕ್ಕೆ. ಹಿಂದಿನವರು ಜೌಗಿನಲ್ಲಿ ನಡೆಯುವಾಗ ಒಳಗೆ ಸೇರಿದ ನೀರು ಹರಿದುಹೋಗಲೆಂದು ಹಾಗೆ ತೂತು ಹೊಡೆಯುತ್ತಿದ್ದರಂತೆ. ಈಗಿನವು ಮೇಲಿನ ಪದರವನ್ನಷ್ಟೇ ದಾಟುತ್ತವೆ, ಬರೀ ಸೊಗಸಿಗೆ. ಅಂಥ ಬೂಟು ಮೊದಲ ಚಳಿಗಾಲದಲ್ಲಿ ಹಿಮ್ಮಡಿಯ ಚರ್ಮ ಸುಲಿಯುತ್ತದೆ, ಮರುವರ್ಷ ರಾಜಿಗೆ ಬರುತ್ತದೆ, ಆಮೇಲೆ ಹೆಂಡತಿಯನ್ನು ಬಿಟ್ಟರೂ ಅದನ್ನು ಬಿಡಲು ಮನಸ್ಸಾಗುವುದಿಲ್ಲ. ಅಲ್ಲಿನವರು ಇದನ್ನು ತಮಾಷೆಗೆ ಹೇಳುವುದಿಲ್ಲ.

ಹೀಗಿರುವಾಗ ಕುರಿ ಸಾಕುವ ವಿಲ್ಫ್ ಕ್ಯಾಲ್ವರ್ಟನ ಹೊಸ ಬೂಟು ಮೊದಲ ದಿನವೇ ಕಚ್ಚಲಿಲ್ಲ ಅನ್ನುವುದು ಊರಿಗೆಲ್ಲ ಹೊಟ್ಟೆಕಿಚ್ಚಿನ ವಿಷಯವಾಯಿತು.

"ನಿನ್ನ ಕಾಲೇನು ಬೆಣ್ಣೇಲಿ ಮಾಡಿದ್ದೇನಯ್ಯಾ?" ಎಂದು ಹೆಂಡದಂಗಡಿಯಲ್ಲಿ ಕೇಳಿದರು.

"ಕಾಲಲ್ಲ ಕಣ್ರೋ, ಹೆಂಡ್ತಿ. ಅವಳು ಮಾಡಿಸಿಕೊಟ್ಟಿದ್ದು. ನಿಮ್ಮ ಮನೇಲಿ ಬೈಗುಳ ಬಿಟ್ಟು ಬೇರೇನು ಕೊಟ್ಟವ್ರೆ?" ಎಂದ ವಿಲ್ಫ್.

ನಿಜ, ಮದುವೆಯ ಉಡುಗೊರೆಯೆಂದು ಅದನ್ನು ಮಾಡಿಸಿಕೊಟ್ಟವಳು ಡೈನಾ. ಊರು ನಕ್ಕಿತು. ಅವಳೊಬ್ಬಳಿಗೆ ನಗು ಬರಲಿಲ್ಲ. ಮೊದಲ ದಿನ ಅವಳು ಒಲೆಯ ಮುಂದೆ ಓಟ್ಸ್ ರೊಟ್ಟಿ ಬೇಯಿಸುತ್ತಿದ್ದಳು. ಅಂಗಳದ ಚಪ್ಪಡಿಯ ಮೇಲೆ ಹೆಜ್ಜೆ ಕೇಳಿಸಿತು. ಬಲಗಾಲು ನೇರವಾಗಿ ಬಿತ್ತು, ಎಡಗಾಲು ತುಸು ತಡೆದು, ಹಿಮ್ಮಡಿ ಮೊದಲೂರಿ ಬಿತ್ತು. ರೊಟ್ಟಿ ಸೀದುಹೋಯಿತು. ತಿರುಗದೆಯೇ ಅವಳ ಬಾಯಿಂದ "ರೂಬೆನ್" ಎಂಬ ಹೆಸರು ಬಂದುಬಿಟ್ಟಿತು.

ಬಾಗಿಲಲ್ಲಿ ನಿಂತಿದ್ದವನು ವಿಲ್ಫ್. ಅವನಿಗೆ ಹೆಸರು ಕೇಳಿಸಿತ್ತು. ಕೇಳಿಸದವನಂತೆ ಟೋಪಿ ತೆಗೆದು, "ರೊಟ್ಟಿ ಸೀಯ್ತಾ ಇದೆ ನೋಡೇ, ನಾಯಿಗೂ ಬೇಡವಾದೀತು" ಎಂದ. ಅಷ್ಟು ಒಳ್ಳೆಯವನು.

ರೂಬೆನ್ ಡೈನಾಳ ಮೊದಲ ಗಂಡ. ಮಹಾಯುದ್ಧಕ್ಕೆ ಮುಂಚಿನ ಒಂದು ಶರತ್ಕಾಲದಲ್ಲಿ, ಮಂಜು ಕವಿದ ಬೆಳಗ್ಗೆ, ಕುರಿ ಎಳೆಯುವ ಕೊಕ್ಕೆಯ ಕೋಲು ಹಿಡಿದು ಗುಡ್ಡಕ್ಕೆ ಹೋದವನು ತಿರುಗಿ ಬರಲಿಲ್ಲ. ಊರವರು ಒಂದು ದಿನ ಹುಡುಕಿದರು. ಅಷ್ಟರಲ್ಲಿ ಹೆಂಡದಂಗಡಿಯ ಕೆಲಸದ ಹೆಣ್ಣೂ ಅದೇ ವಾರ ಗಂಟುಮೂಟೆ ಕಟ್ಟಿದ್ದಾಳೆಂದು ಗೊತ್ತಾಯಿತು. ಡೈನಾಳ ಹಿಂಡಿನಲ್ಲಿ ಒಂದು ಹೆಣ್ಣುಕುರಿಯೂ ಕಾಣೆಯಾಗಿತ್ತು. ಅವಳ ಅಪ್ಪ ಮದುವೆಗೆ ಕೊಟ್ಟ ಕುರಿ ಅದು, ಅಲ್ಲಿನ ಹೆಣ್ಣುಕುರಿಗೂ ಇರುವ ಕೊಂಬಿನ ಮೇಲೆ ಕಾದ ಕಬ್ಬಿಣದಲ್ಲಿ ಅಪ್ಪನ ಅಕ್ಷರ ಸುಟ್ಟಿತ್ತು. ಮುಗಿಯಿತು. ಕುರಿ ಮಾರಿ, ಆ ಹೆಣ್ಣಿನ ಜೊತೆ ರೈಲು ಹತ್ತಿ ಡರಮ್ಮಿನ ಕಲ್ಲಿದ್ದಲ ಗಣಿಗಳ ಕಡೆ ಓಡಿದ ಎಂದು ಊರು ತೀರ್ಮಾನಿಸಿತು, ಹುಡುಕುವುದನ್ನು ಬಿಟ್ಟಿತು. ಊರ ಬಾಯಿ ಮುಚ್ಚಲು ಮೂಕುಡಿ ಎಲ್ಲಿದೆ? ಡೈನಾ ಮೊದಮೊದಲು ಜಗಳವಾಡಿದಳು. ಆಮೇಲೆ ತಾನೂ ನಂಬಿದಳು. ಬಿಟ್ಟುಹೋದವನೆಂದು ನಂಬಿದರೆ ಸಿಟ್ಟಾದರೂ ಬರುತ್ತದೆ. ಸಿಟ್ಟಿದ್ದರೆ ಬೆಳಗ್ಗೆ ಏಳಬಹುದು, ಹಾಲು ಕರೆಯಬಹುದು.

ಏಳು ವರ್ಷ ಕಳೆದರೆ ಮರುಮದುವೆಯಾದವಳಿಗೆ ಶಿಕ್ಷೆಯಿಲ್ಲ ಎನ್ನುತ್ತದೆ ಅಲ್ಲಿನ ಕಾನೂನು. ಆದರೆ ಪಾದ್ರಿ ಮೊದಲೇ ಎಚ್ಚರಿಸಿದ್ದರು: ಅವನು ಎಲ್ಲಾದರೂ ಬದುಕಿದ್ದರೆ ಈ ಮದುವೆ ನಿಲ್ಲುವುದಿಲ್ಲ. ಹಾಗಾಗಿ ವಿಲ್ಫ್‌ನ ಪಕ್ಕ ಮಲಗಿದಾಗಲೂ ಅವಳಿಗೆ ತಾನು ಯಾರ ಹೆಂಡತಿಯೆಂದು ಖಚಿತವಿರಲಿಲ್ಲ. ಬಿಟ್ಟುಹೋದನೋ, ಸತ್ತನೋ? ಇದೊಂದು ಗೊತ್ತಾದರೆ ಸಾಕಾಗಿತ್ತು. ಗೊತ್ತಾಗುವ ದಾರಿ ಇರಲಿಲ್ಲ.

ಈಗ ಅವನ ಹೆಜ್ಜೆ ದಿನಾ ಸಂಜೆ ಅಂಗಳಕ್ಕೆ ಬರತೊಡಗಿತು.

ವಿಲ್ಫ್‌ನ ಬೂಟು ಒರೆಸುವ ಕೆಲಸ ಅವಳದೇ. ಕೆಸರು ಒಣಗಿದ ಮೇಲೆ ಬ್ರಷ್ಷಿನಲ್ಲಿ ತಿಕ್ಕಿ, ತೂತುಗಳಲ್ಲಿ ಕೂತಿದ್ದನ್ನು ಬೆಂಕಿಕಡ್ಡಿಯಿಂದ ಎಬ್ಬಿಸಿ ತೆಗೆಯುತ್ತಿದ್ದಳು. ಒಂದು ದಿನ ಕಡ್ಡಿಯ ತುದಿಗೆ ಬಂದ ಮಣ್ಣು ನೋಡಿ ಅವಳ ಕೈ ನಿಂತಿತು. ಅವರ ಕುರಿ ಮೇಯುವ ಕಡೆ ಮಣ್ಣು ಕರಿ ಕಾಡಿಗೆಯ ಹಾಗೆ. ಇದು ಬೂದು ಬಣ್ಣದ್ದು. ಬೂದು ಮಣ್ಣು ಇರುವುದು ಕಣಿವೆಯ ಆಚೆ ಬದಿ, ಹಾಳುಬಿದ್ದ ಸೀಸದ ಗಣಿಯ ಹತ್ತಿರ ಮಾತ್ರ.

"ನೀನು ಆ ಗಣಿ ಕಡೆ ಯಾಕೆ ಹೋಗ್ತಿದ್ದೀಯ?" ಎಂದು ಕೇಳಿದಳು.

ವಿಲ್ಫ್ ಚಹಾದ ಬಟ್ಟಲು ಕೆಳಗಿಟ್ಟ. "ಹೋಗ್ತಿಲ್ಲ ಕಣೆ. ಹೇಗೆ ಹೇಳ್ಲಿ, ಹೋಗಿರ್ತೀನಿ. ಕುರಿ ಎಣಿಸ್ಕೊಂಡು ಮನೆ ಕಡೆ ತಿರುಗಿರ್ತೀನಿ, ನೋಡಿದ್ರೆ ಆ ಮುರುಕು ಗೋಡೆ ಹತ್ರ ನಿಂತಿರ್ತೀನಿ. ದಿನಾ ಒಂದೊಂದು ಹೆಜ್ಜೆ ಮುಂದೆ. ಬೂಟು ಅಷ್ಟು ಹಗುರಾಗಿದೆ, ಕಾಲು ತಾನೇ ನಡೆಯುತ್ತೆ."

"ನಾಳೆಯಿಂದ ಹಳೇದು ಹಾಕ್ಕೋ."

"ಹಳೇದು ಕಚ್ಚುತ್ತೆ ಈಗ" ಎಂದ. ನಗಲು ನೋಡಿದ, ಆಗಲಿಲ್ಲ. ಅವನು ಎಡಗಾಲನ್ನು ತುಸು ಎಳೆಯುತ್ತಿದ್ದ. ಅವನ ಎಡಗಾಲಿಗೆ ಯಾವತ್ತೂ ಏನೂ ಆಗಿರಲಿಲ್ಲ. ಕಲ್ಲು ಬಿದ್ದು ಬೆರಳು ಜಜ್ಜಿಹೋಗಿದ್ದು ರೂಬೆನ್‌ಗೆ.

ಡೈನಾ ಶಾಲು ಹೊದ್ದು ನೆಟ್ಟಗೆ ಎಜ್ರಾನ ಅಂಗಡಿಗೆ ನಡೆದಳು. ಆ ಅಂಗಡಿಯ ಸೂರಿನಿಂದ ಕಣಿವೆಯ ಗಂಡಸರೆಲ್ಲ ಜೋತಾಡುತ್ತಿರುತ್ತಾರೆ. ಅಂದರೆ ಅವರ ಪಾದಗಳು. ಒಬ್ಬೊಬ್ಬನಿಗೂ ಅವನ ಪಾದದ ಆಕಾರದ ಒಂದು ಜೊತೆ ಮರದ ಅಚ್ಚು, ಬೂಟು ಕಟ್ಟುವುದು ಅದರ ಮೇಲೆಯೇ. ಗಂಟು ಬೆಳೆದರೆ, ಬೆರಳು ಸೊಟ್ಟಗಾದರೆ ಎಜ್ರಾ ಆ ಜಾಗಕ್ಕೆ ಚರ್ಮದ ತುಂಡು ಅಂಟಿಸಿ ಅಚ್ಚನ್ನೂ ಜೊತೆಗೇ ಮುದಿಯಾಗಿಸುತ್ತಾನೆ. ಮನುಷ್ಯ ಸತ್ತರೆ ಮಣ್ಣು ಮಾಡಿದ ದಿನ ಅಚ್ಚನ್ನು ಹೆಂಡತಿಯ ಕೈಗೆ ಕೊಡುತ್ತಾನೆ. ಅವಳು ಅದನ್ನು ಮನೆಯ ಒಲೆಯಲ್ಲಿ ಸುಡಬೇಕು. ಇಲ್ಲದಿದ್ದರೆ ಸತ್ತವನ ಕಾಲಿಗೆ ವಿಶ್ರಾಂತಿಯಿಲ್ಲ. ಪಾದ್ರಿಗೆ ಇದು ಹಿಡಿಸುವುದಿಲ್ಲ, ಆದರೆ ಪಾದ್ರಿಯ ಬೂಟನ್ನೂ ಹೊಲಿಯುವವನು ಎಜ್ರಾನೇ.

"ತಾತಾ, ವಿಲ್ಫ್‌ನ ಬೂಟು ಯಾರ ಅಚ್ಚಿನ ಮೇಲೆ ಕಟ್ಟಿದೆ?"

ಮುದುಕ ಮೇಣ ಹಚ್ಚುತ್ತಿದ್ದ ದಾರ ಕೈಬಿಟ್ಟ. ತಪ್ಪಿಸಿಕೊಳ್ಳಲು ನೋಡಲಿಲ್ಲ. "ಒಣಗಿದ ಮರ ಎಲ್ಲಿತ್ತು ಮಗಾ? ಎಲ್ಲಾ ಯುದ್ಧ ನುಂಗಿತ್ತು. ವಿಲ್ಫ್ ಕಾಲು ಅಳತೆ ತಗೊಂಡೆ, ಎದೆ ಝಲ್ ಅಂತು. ಉದ್ದ, ಅಗಲ ಎಲ್ಲಾ ರೂಬೆನ್‌ದೇ. ಅಚ್ಚು ಮೇಲೆ ತೂಗ್ತಾ ಇತ್ತು. ಎಡಗಾಲಿನ ಚರ್ಮದ ತುಂಡು ಕಿತ್ತು ತೆಗೆದಿದ್ದೆ ಕಣೆ, ದೇವರಾಣೆ. ಅಚ್ಚಿನಿಂದ ಬೂಟು ಬಿಡಿಸಿದಾಗ ನೋಡಿದ್ರೆ ಮರ ಆ ಜಾಗದಲ್ಲಿ ಮತ್ತೆ ಹಾಗೇ ಉಬ್ಬಿತ್ತು."

"ಸತ್ತವನ ಅಚ್ಚಿನ ಮೇಲೆ ಬದುಕಿರೋನಿಗೆ ಹೊಲಿದ್ಯಾ?"

"ಸತ್ತ ಅಂತ ಯಾರು ಹೇಳಿದ್ರು ನಂಗೆ?" ಎಜ್ರಾನ ದನಿಯೂ ಏರಿತು. "ಅವನು ಹೋದ ವರ್ಷ ಇಲ್ಲೇ ನಿಂತಿದ್ದೆ ನೀನು. ಒಯ್ಯಮ್ಮಾ, ಸುಡು ಅಂದೆ ನಾನು. ಏನಂದೆ ನೀನು? 'ಓಡಿಹೋದೋನಿಗೆ ಯಾಕೆ ಬೆಂಕಿ, ಇರ್ಲಿ, ಬಂದ್ರೆ ಅದರಲ್ಲೇ ಅವನ ತಲೆಗೆ ಹೊಡೀತೀನಿ' ಅಂದೆ. ಓಡಿಹೋದೋನ ಅಚ್ಚು ಬರೀ ಮರ ಅಂದ್ಕೊಂಡೆ ನಾನು."

ಅಂದಿದ್ದಳು. ಅದನ್ನು ಹೇಳುವಾಗ ಒಳಗೊಳಗೆ ಬರಲಿ ಎಂದೇ ಬೇಡಿಕೊಂಡಿದ್ದಳು. ಅದು ಎಜ್ರಾನಿಗೆ ಹೇಗೆ ತಿಳಿಯಬೇಕು?

ಮುದುಕ ಏಣಿ ಹತ್ತಿ ಅಚ್ಚಿನ ಜೊತೆಯನ್ನು ಇಳಿಸಿ ಅವಳ ಮಡಿಲಿಗೆ ಹಾಕಿದ. "ಈಗ್ಲಾದ್ರೂ ಸುಡು ಮಗಾ. ಸುಟ್ರೆ ಬೂಟು ಬರೀ ಬೂಟಾಗುತ್ತೆ. ಇಲ್ದಿದ್ರೆ ಇನ್ನೊಬ್ಬನ್ನೂ ಕರ್ಕೊಂಡು ಹೋಗುತ್ತೆ."

ಮನೆಗೆ ಬಂದು ಒಲೆಯ ಮುಂದೆ ಕೂತಳು. ಅಚ್ಚು ತೊಡೆಯ ಮೇಲಿತ್ತು, ಬೆಂಕಿ ಎದುರಿಗಿತ್ತು. ಸುಟ್ಟರೆ ವಿಲ್ಫ್ ಉಳಿಯುತ್ತಾನೆ. ಸುಟ್ಟರೆ ಆ ಹೆಜ್ಜೆ ನಿಂತುಹೋಗುತ್ತದೆ, ಅದು ಎಲ್ಲಿಗೆ ಕರೆಯುತ್ತಿತ್ತೆಂದು ಸಾಯುವವರೆಗೂ ಗೊತ್ತಾಗುವುದಿಲ್ಲ. ಹೆಬ್ಬೆರಳಿನಿಂದ ಎಡ ಅಚ್ಚಿನ ಉಬ್ಬನ್ನು ಸವರಿದಳು. ಈ ಬೆರಳಿಗೆ ಅವಳು ಚಳಿಗಾಲದಲ್ಲಿ ಕುರಿಕೊಬ್ಬು ಕಾಯಿಸಿ ಹಚ್ಚುತ್ತಿದ್ದಳು. ಸುಡಲಾಗಲಿಲ್ಲ.

ಮರುದಿನ ಸಂತೆ. ವಿಲ್ಫ್ ಭಾನುವಾರ ಚರ್ಚಿಗೆ ಹಾಕುವ ಬೂಟು ಹಾಕಿಕೊಂಡು ಟಗರು ಮಾರಲು ಪೇಟೆಗೆ ಹೊರಟ. ಅವನು ತಿರುವು ದಾಟಿದ್ದೇ ತಡ, ಡೈನಾ ಆ ಬ್ರೋಗ್ ಬೂಟನ್ನು ತೆಗೆದು, ಒಳಗೆ ಉಣ್ಣೆ ತುರುಕಿ, ತನ್ನ ಕಾಲಿಗೇ ಹಾಕಿಕೊಂಡಳು. ದೋಣಿಯೊಳಗೆ ಕಾಲಿಟ್ಟ ಹಾಗಾಯಿತು. ದಾರ ಬಿಗಿದು ಎದ್ದು ನಿಂತಾಗ ನಾಯಿ ಗುರುಗುಟ್ಟಿ ಮೂಲೆಗೆ ಸರಿಯಿತು.

ಅಂಗಳ ದಾಟುವವರೆಗೆ ಅವಳೇ ನಡೆದಳು. ಹಳ್ಳದ ಹಲಗೆ ದಾಟಿದ ಮೇಲೆ ಅವಳು ನಡೆಸಬೇಕಾಗಿಯೇ ಇರಲಿಲ್ಲ. ಬಲಗಾಲು ನೇರ, ಎಡಗಾಲು ತಡೆದು. ಹೀದರ್ ಪೊದೆ ಹೂಬಿಟ್ಟು ಗುಡ್ಡವೆಲ್ಲ ನೇರಳೆಯಾಗಿತ್ತು, ಬಿಸಿಲು ಚೆನ್ನಾಗಿತ್ತು, ಗೋಡೆಯ ಮೇಲೆ ಹಕ್ಕಿ ಕೂಗುತ್ತಿತ್ತು. ಅಂಥ ಹಗಲಿನಲ್ಲೂ ಅವಳಿಗೆ ಭಯವಿತ್ತು. ಭಯದ ಅಡಿಯಲ್ಲಿ ನಾಚಿಕೆಗೆಟ್ಟ ಒಂದು ಸಂತೋಷವೂ ಇತ್ತು. ಎಷ್ಟೋ ವರ್ಷದ ಮೇಲೆ ಅವಳು ರೂಬೆನ್ ಜೊತೆ ನಡೆಯುತ್ತಿದ್ದಳು.

ಮುರುಕು ಗೋಡೆ ಬಂತು. ಬೂಟು ನಿಲ್ಲಲಿಲ್ಲ. ಗೋಡೆ ಹತ್ತಿ ಇಳಿಯಿತು. ಬೂದು ಮಣ್ಣಿನ ದಿಬ್ಬ, ಅದರಾಚೆ ಹುಲ್ಲು ಮುಚ್ಚಿದ ಸಪಾಟು ಜಾಗ. ಹೆಜ್ಜೆ ಬಿರುಸಾಯಿತು. ಆ ಹುಲ್ಲು ಮಾತ್ರ ಯಾಕೆ ಅಷ್ಟು ಹಸಿರು ಎಂದು ಅವಳಿಗೆ ಹೊಳೆಯುವಷ್ಟರಲ್ಲಿ ಬಲಗಾಲು ಮೇಲೆದ್ದಿತ್ತು.

ಹುಲ್ಲಿನಡಿ, ಹಳೆಯ ಗಣಿಬಾವಿಯ ಬಾಯಲ್ಲಿ ಅಳಿದುಳಿದಿದ್ದ ಕೊಳೆತ ಹಲಗೆ ಮುರಿದು ಬಿತ್ತು. ಆದರೆ ಅವಳ ಕಾಲು ಸಣ್ಣದು. ಹಿಮ್ಮಡಿ ಜಾರಿತು, ದಾರ ಸಡಿಲಿತು, ಬೂಟು ಮುಂದೆ ಹೋಯಿತು, ಕಾಲು ಹಿಂದೆ ಉಳಿಯಿತು. ಡೈನಾ ಬೆನ್ನ ಮೇಲೆ ಬಿದ್ದು ಎರಡೂ ಕೈಯಲ್ಲಿ ಪೊದೆ ಹಿಡಿದಳು. ಕೆಳಗೆ ಎಲ್ಲೋ ಕಲ್ಲಿಗೆ ಬಡಿಯುತ್ತ ಬಡಿಯುತ್ತ ಬೂಟು ಇಳಿಯುವ ಸದ್ದು ಬಹಳ ಹೊತ್ತು ಕೇಳಿಸಿತು. ವಿಲ್ಫ್‌ನ ಕಾಲಾಗಿದ್ದರೆ ಬೂಟು ಬಿಡುತ್ತಿರಲಿಲ್ಲ. ಅವನಿಗೆ ಅದು ಅಷ್ಟು ಸರಿಯಾಗಿ ಕೂತಿತ್ತು.

ಡೈನಾ ಊರಿಗೆ ಹೋಗಿ ಅಚ್ಚಿನ ವಿಷಯವನ್ನೂ ಸೇರಿಸಿ ಎಲ್ಲ ಹೇಳಿದಳು, ವಿಲ್ಫ್ ಸಂತೆಯಿಂದ ಬರುವ ಹೊತ್ತಿಗೆ ಹಗ್ಗ ಹಿಡಿದು ಊರೇ ಬಂತು. ಬಾವಿಗೆ ಇಳಿಯುತ್ತೇನೆ ಎಂದವನು ವಿಲ್ಫ್. "ಯಾಕೋ, ನಿಂಗೇನು ಹುಚ್ಚಾ? ಬೇರೆಯವರು ಇಳೀಲಿ" ಎಂದರು. "ಅವನ ಅಚ್ಚಲ್ಲಿ ನಡೆದೋನು ನಾನು, ನಾನೇ ಇಳೀಬೇಕು" ಎಂದ, ಸಂತೆಗೆ ಹಾಕಿದ್ದ ಒಳ್ಳೆ ಬಟ್ಟೆಯಲ್ಲೇ ಇಳಿದ.

ಹಗ್ಗ ಅಲುಗಿತು. ಮೇಲೆ ಬಂದವನ ಮುಖ ಬೂದು ಕೆಸರಾಗಿತ್ತು. ಅವನು ಡೈನಾಳ ಮುಂದೆ ಮಂಡಿಯೂರಿ ಅಂಗಿಯೊಳಗಿಂದ ಒಂದು ವಸ್ತು ತೆಗೆದ. ಕುರಿಯ ಸುರುಳಿ ಕೊಂಬು. ಅದರ ಮೇಲೆ ಸುಟ್ಟ ಅಕ್ಷರ ಅವಳ ಅಪ್ಪನದು.

"ಕೋಲಿನ ಕೊಕ್ಕೆ ಇನ್ನೂ ಈ ಕೊಂಬಿಗೇ ಸಿಕ್ಕಿತ್ತು ಕಣೆ" ಎಂದ. "ಬೀಳ್ತಿದ್ದ ಕುರೀನ ಎಳೆಯಕ್ಕೆ ಹೋಗವ್ನೆ. ಕೈ ಬಿಟ್ಟಿಲ್ಲ. ಅವನು ಎಲ್ಲಿಗೂ ಓಡಿಹೋಗಿರ್ಲಿಲ್ಲ, ಡೈನಾ."

ಹುಡುಕುವುದನ್ನು ಬಿಟ್ಟವರೆಲ್ಲ ಅಲ್ಲೇ ಇದ್ದರು, ಟೋಪಿ ತೆಗೆದು ನೆಲ ನೋಡುತ್ತಿದ್ದರು. ಎಜ್ರಾ ಮಾತ್ರ ಮೇಲೆ ಬಂದ ರೂಬೆನ್‌ನ ಹಳೆಯ ಎಡ ಬೂಟನ್ನು ಕೈಗೆತ್ತಿಕೊಂಡು, ಮೂತಿಯ ತೂತುಗಳ ಮೇಲೆ ಬೆರಳಾಡಿಸಿ ಮಗುವಿನ ಹಾಗೆ ಅತ್ತ. ಕಾಲು ಹೋದರೂ ಹೊಲಿಗೆ ಹೋಗಿರಲಿಲ್ಲ.

ರೂಬೆನ್‌ನನ್ನು ಮಣ್ಣು ಮಾಡಿದ ದಿನ ಡೈನಾ ಅಚ್ಚಿನ ಜೊತೆಯನ್ನು ಒಲೆಗಿಟ್ಟಳು. ಒಣಮರ, ಬೇಗ ಹತ್ತಿಕೊಂಡಿತು. "ಇಲ್ಲೇ ಇದ್ದೀನಿ ಅಂತ ಒಂದು ಮಾತು ಹೇಳಬಾರದಿತ್ತೇನೋ" ಎಂದಳು ಬೆಂಕಿಗೆ. ಹೇಳಿದ ಮೇಲೆ ತಿಳಿಯಿತು, ಅವನು ದಿನಾ ಸಂಜೆ ಅಂಗಳಕ್ಕೆ ಬಂದು ಅದನ್ನೇ ಹೇಳುತ್ತಿದ್ದ.

ಎಜ್ರಾ ಹೇಗೋ ಮರ ಹೊಂದಿಸಿ ವಿಲ್ಫ್‌ಗೆಂದೇ ಹೊಸ ಅಚ್ಚು ಕೆತ್ತಿದ. ಹೊಸ ಬೂಟು ಬಂತು. ಮೊದಲ ದಿನ ಅದನ್ನು ಹಾಕಿಕೊಂಡು ಗುಡ್ಡಕ್ಕೆ ಹೋದ ವಿಲ್ಫ್ ಸಂಜೆ ಅಂಗಳದಿಂದಲೇ ಕೂಗಿದ: "ಏ ಡೈನಾ, ನೀರು ಕಾಯಿಸೇ! ಬೂಟಲ್ಲ ಇದು, ನಾಯಿ! ಎರಡೂ ಹಿಮ್ಮಡಿ ಸುಲಿದು ಹಾಕೈತೆ!"

ಕುಂಟುತ್ತ, ಬೈಯುತ್ತ ಚಪ್ಪಡಿಯ ಮೇಲೆ ಬರುತ್ತಿದ್ದ ಆ ಹೆಜ್ಜೆ ಪೂರ್ತಿ ವಿಲ್ಫ್‌ನದೇ. ಡೈನಾ ನಕ್ಕಳು, ನೀರಿನ ಪಾತ್ರೆ ಎತ್ತಿದಳು. ಎತ್ತಿದವಳು ರೂಢಿಯಂತೆ ಕಿವಿಗೊಟ್ಟು ನಿಂತಳು, ಅವನ ಹಿಂದೆ ಇನ್ನೊಂದು ಹೆಜ್ಜೆಗಾಗಿ. ಬಲಗಾಲು ನೇರ, ಎಡಗಾಲು ತಡೆದು. ಬರಲಿಲ್ಲ. ಪಾತ್ರೆ ಕೆಳಗಿಟ್ಟು ನೆಲದ ಮೇಲೆ ಕೂತು, ಅವಳು ಅಂದು ಮೊದಲ ಸಲ ಗಂಡ ಸತ್ತವಳ ಹಾಗೆ ಅತ್ತಳು.