ಬಾವ ಎಣಿಸಿದ ಕಣಗಳು

ಕುಪ್ಪುಸ್ವಾಮಿ ಮೂರನೆಯ ಸಲ ಸೀಗೆಪುಡಿ ಹಚ್ಚಿ ಬಾವನ ಬಲಗೈ ಬೆರಳುಗಳನ್ನು ಉಜ್ಜಿದ. ಹೆಬ್ಬೆರಳು, ತೋರುಬೆರಳುಗಳ ತುದಿಗೆ ಹತ್ತಿದ್ದ ಕಿತ್ತಳೆ ಬಣ್ಣ ಮಾತ್ರ ಜಪ್ಪಯ್ಯ ಅಂದರೂ ಬಿಡಲಿಲ್ಲ. ಅಂಗಳದ ಹಲಗೆಯ ಮೇಲೆ ಮಲಗಿದ್ದ ಅಕ್ಕನ ಗಂಡ ಬಚ್ಚಪ್ಪನಿಗೆ ಅದು ಕೊನೆಯ ಸ್ನಾನ. ಹಿಂದಿನ ದಿನ ಸಂಜೆ ಬೆಂಗಳೂರಿನ ರೈಲಿನಿಂದ ಬಂಗಾರಪೇಟೆಯಲ್ಲಿ ಇಳಿದವನು ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೂತು, ಎದೆ ಹಿಡಿದುಕೊಂಡು, ಹಾಗೆಯೇ ಹೋಗಿಬಿಟ್ಟಿದ್ದ. ರಿಟೈರಾಗಲು ಇನ್ನೆರಡು ವರ್ಷವಿತ್ತು.

"ಸಾಕು ಬುಡಪ್ಪ ಕುಪ್ಪ," ಅಂದರು ನೀರು ಹೊಯ್ಯುತ್ತಿದ್ದ ಮುನಿಸ್ವಾಮಪ್ಪ. ಅವರು ಬಚ್ಚಪ್ಪನ ಅಣ್ಣ. "ಇಪ್ಪತ್ತು ವರ್ಷ ಸೀಸೆ ತೊಳ್ದ ಕೈ. ಬಣ್ಣ ಎಲ್ಲೋಗ್ತದೆ?"

"ಸೀಸೆ ತೊಳ್ಯಾಕೆ ದಿನಾ ಬೆಂಗ್ಳೂರಿಗೆ ಓಗ್ಬೇಕಿತ್ತಾ? ನಮ್ಮ ಡೈರಿ ಕ್ಯಾನ್ ತೊಳ್ದಿದ್ರೆ ಆಗಿರೋದು," ಎಂದು ಹಿಂದಿನಿಂದ ಯಾರೋ ಅಂದರು.

ಸಾವಿನ ಮನೆಯಲ್ಲಿ ನಗಬಾರದೆಂದು ನಾಲ್ಕಾರು ಜನ ಬಾಯಿಗೆ ಟವಲು ಅಡ್ಡ ಹಿಡಿದರು. ಕುಪ್ಪುಸ್ವಾಮಿ ಏನೋ ಹೇಳಲು ಬಾಯಿ ತೆರೆದ, ಮತ್ತೆ ಮುಚ್ಚಿದ. ಆ ಬಾಯಿ ಹೀಗೆ ಮುಚ್ಚಿಕೊಂಡು ಹತ್ತು ವರ್ಷವಾಗಿತ್ತು.

ಬಚ್ಚಪ್ಪ ಬೆಂಗಳೂರಿನ ಲ್ಯಾಬಿಗೆ ಸೇರಿದ್ದು ಸೀಸೆ ತೊಳೆಯುವುದಕ್ಕೇ, ಅದು ಸುಳ್ಳಲ್ಲ. ಆದರೆ ಅಲ್ಲಿ ಕೈಗೆ ಕಿತ್ತಳೆಯಾಗಿ ಹತ್ತುವ ಬಣ್ಣವನ್ನು ಜೀವಕಣಗಳಿಗೆ ಹಾಕಿ, ಸತ್ತವೆಷ್ಟು ಬದುಕಿದವೆಷ್ಟು ಎಂದು ಎಣಿಸುವ ಕೆಲಸವೊಂದಿತ್ತು. ಬೆಳಕು ಬಿದ್ದ ಬಣ್ಣ ಮಾಸುವುದರೊಳಗೆ ಎಣಿಸಿ ಮುಗಿಸಬೇಕು. ಓದಿದ ಹುಡುಗರಿಗೆ ಅರ್ಧ ಗಂಟೆಯಲ್ಲಿ ಕಣ್ಣು ನೀರಾಡುತ್ತಿತ್ತು. ರಾಗಿಯಲ್ಲಿ ಕಲ್ಲು ಆರಿಸುವ ಮನೆಯಿಂದ ಬಂದ ಬಚ್ಚಪ್ಪ ಇಡೀ ದಿನ ಕೂತರೂ ಒಂದು ಕಣವನ್ನು ಬಿಡುತ್ತಿರಲಿಲ್ಲ. ಒಂದು ವರ್ಷ ನೋಡಿದ ಮೇಲೆ ಅಲ್ಲಿನ ಮೇಡಂ ಸೀಸೆ ತೊಳೆಯಲು ಬೇರೆಯವರನ್ನು ಇಟ್ಟುಕೊಂಡು, ಬಚ್ಚಪ್ಪನನ್ನು ಎಣಿಸಲು ಕೂರಿಸಿದರು. ಊರಿಗೆ ಇದನ್ನೆಲ್ಲ ಬಿಡಿಸಿ ಹೇಳುವ ಜಾಯಮಾನ ಅವನದಲ್ಲ. ಊರಲ್ಲಿ ಅದನ್ನು ಕಣ್ಣಾರೆ ಕಂಡಿದ್ದವನು ಕುಪ್ಪುಸ್ವಾಮಿ ಒಬ್ಬನೇ.

*

ಎಂಬತ್ತನಾಲ್ಕನೆಯ ಇಸವಿ. ಕುಪ್ಪುಸ್ವಾಮಿ ಆಗ ಚಿನ್ನದ ಗಣಿಯೊಳಗೆ ಬಂಡೆ ಕೊರೆಯುತ್ತಿದ್ದ. ಉರಿಗಾಂನಲ್ಲಿ ಗಣಿಯವರು ಕೊಟ್ಟಿದ್ದ ಅವನ ಲೈನು ಮನೆಗೆ ಒಂದು ಭಾನುವಾರ ಬಂದ ಬಾವ, ಮೊಳೆಯಲ್ಲಿ ತೂಗುತ್ತಿದ್ದ ಅವನ ಡ್ಯೂಟಿ ಅಂಗಿಯನ್ನು ಕಾಗದದ ಮೇಲೆ ಒದರಿದ. ಬಿದ್ದ ಧೂಳನ್ನು ಪುಟ್ಟ ಸೀಸೆಗೆ ತುಂಬಿಕೊಂಡ.

"ಏನ್ ಬಾವ, ಚಿನ್ನ ಸಿಕ್ತದಾ?" ಎಂದು ಕುಪ್ಪುಸ್ವಾಮಿ ರೇಗಿಸಿದ. ಬಾವ ನಗಲಿಲ್ಲ.

ಮುಂದಿನ ವಾರ ಬಾಮೈದನ ಕೆಲಸಕ್ಕೆ ಚಕ್ಕರ್ ಹಾಕಿಸಿ, ಮಾರಿಕುಪ್ಪಂ ರೈಲು ಹತ್ತಿಸಿ ಲ್ಯಾಬಿಗೆ ಕರೆದುಕೊಂಡು ಹೋದ. ಕಪ್ಪು ಪರದೆ ಇಳಿಬಿಟ್ಟ ಕೋಣೆಯಲ್ಲಿ ಕೂರಿಸಿ, "ಇವು ಇಲಿ ಒಟ್ಟೆಯಿಂದ ತಗ್ದ ಜೀವಕಣ ಕಣ್ಲಾ. ನಮ್ಮ ಎದೆಯೊಳ್ಗೂ ಇಂಥವೇ ಇರ್ತವೆ. ಉಸ್ರಲ್ಲಿ ಬಂದ ಧೂಳು ನುಂಗೋದು ಇವೇ," ಎಂದು ಹೇಳಿ ಮೈಕ್ರೋಸ್ಕೋಪಿಗೆ ಅವನ ಕಣ್ಣು ಹಚ್ಚಿಸಿದ.

ಮೊದಲನೆಯ ಗಾಜಿನ ಮೇಲೆ ಕತ್ತಲಲ್ಲಿ ಹಸಿರು ಚುಕ್ಕೆಗಳು ಹೊಳೆಯುತ್ತಿದ್ದವು. ಎರಡನೆಯದರಲ್ಲಿ ಎಲ್ಲಿ ನೋಡಿದರೂ ಕೆಂಪು. ಕುಪ್ಪುಸ್ವಾಮಿಗೆ ಎರಡನೆಯದೇ ಹಿಡಿಸಿತು.

"ಇವು ಗಟ್ಟಿಗ್ರು ಬಾವ. ಒಳ್ಳೆ ನೆತ್ರು ತುಂಬ್ಕೊಂಡವೆ. ಮೊದ್ಲುದು ಪಾಚಿ ಕಟ್ದಂಗೈತೆ, ಪಾಪ. ಅದು ಯಾರ್ದು?"

ಬಾವ ಅವನ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು ಕೂತ. "ಅಸ್ರು ಬದ್ಕಿರೋದು ಕಣ್ಲಾ. ಈ ಕೆಂಪು ಬಣ್ಣನ ಬದ್ಕಿರೋ ಕಣ ಒಳೀಕೆ ಬುಡಲ್ಲ. ಸತ್ತು ಪೊರೆ ಅರಿದ್ರೇನೇ ಅದು ಒಳೀಕೆ ಓಗೋದು," ಎಂದ. "ಮೊದ್ಲುದಕ್ಕೆ ನಮ್ಮ ರಾಗಿ ಒಲದ ಮಣ್ಣು ಆಕಿದ್ದೆ. ನೂರಕ್ಕೆ ಆರು ಸತ್ತವೆ. ಇದಕ್ಕೆ ನಿನ್ನ ಅಂಗಿ ಧೂಳು. ನೂರಕ್ಕೆ ಅರವತ್ತೆಂಟು. ಮೂರು ಸಲ ಎಣ್ಸಿದೀನಿ ಕುಪ್ಪ. ತಪ್ಪಾಗಿರ್ಲಿ ಅಂತಾನೇ ಎಣ್ಸಿದ್ದು."

ಕುಪ್ಪುಸ್ವಾಮಿ ಎದ್ದು ನಿಂತ. "ನನ್ನ ಸಾವು ಎಣ್ಸಾಕೆ ಕರ್ಕೊಂಡ್ ಬಂದ್ಯಾ?"

ವಾಪಸು ರೈಲಿನಲ್ಲಿ ಅವನು ಬಾವನನ್ನು ಬಿಟ್ಟು ಬೇರೆ ಡಬ್ಬಿಯಲ್ಲಿ ಕೂತ. ಆದರೂ ಬಚ್ಚಪ್ಪ ಮೂರು ತಿಂಗಳು ಭಾನುವಾರ ತಪ್ಪಿಸದೆ ಉರಿಗಾಂಗೆ ಬಂದ. ಬೈಸಿಕೊಂಡ, ಚಹಾ ಕುಡಿದ, ಎದ್ದು ಹೋಗುವಾಗ "ಮೇಲಕ್ಕೆ ಬಾರಪ್ಪ" ಎಂದಷ್ಟೇ ಹೇಳಿದ. ಕೊನೆಗೆ ಕುಪ್ಪುಸ್ವಾಮಿ ಗಣಿಯ ಒಳಗಿನ ಕೆಲಸ ಬಿಟ್ಟು, ಮೇಲೆ ಸ್ಟೋರಿನಲ್ಲಿ ಸಾಮಾನು ಕೊಡುವ ಕೆಲಸಕ್ಕೆ ಬಂದ. ಇಲಿಯ ಕಣ ನೋಡಿ ಹೆದರಿದೆ ಎಂದು ಜೊತೆಯವರಿಗೆ ಹೇಳುವುದು ಹೇಗೆ? ಮೊಣಕಾಲು ಹಿಡಿದುಕೊಂಡಿದೆ ಅಂದ. ಮನೆಯಲ್ಲಿ ಮಾತ್ರ, ಬಾವ ಪೀಡಿಸಿ ಪೀಡಿಸಿ ನನ್ನ ಕೆಲಸ ಕೆಡಿಸಿದ ಎಂದು ಗೊಣಗಿದ. ಕೊರೆಯುವವರಿಗಿದ್ದ ಮರ್ಯಾದೆ ಸ್ಟೋರಿನವನಿಗೆ ಎಲ್ಲಿಂದ ಬರಬೇಕು? ಆ ಸಿಟ್ಟನ್ನೆಲ್ಲ ಅವನು ಬಾವನ ತಲೆಗೆ ಕಟ್ಟಿದ.

ಅವನ ಜೊತೆ ಅದೇ ಡ್ರಿಲ್ಲು ಹಿಡಿದಿದ್ದ ಪೆರುಮಾಳ್ ಗಣಿ ಬಿಡಲಿಲ್ಲ. ಕೊನೆಯ ಒಂದು ವರ್ಷ ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ಒರಗಿ ಕೂತೇ ಇದ್ದ, ಕೂತೇ ಸತ್ತ. ಮಣ್ಣು ಮಾಡಿ ಬಂದ ದಿನವೇ ಬಾವನ ಮನೆಗೆ ಹೋಗಿ ಒಂದು ಮಾತು ಹೇಳಬೇಕೆಂದು ಕುಪ್ಪುಸ್ವಾಮಿಗೆ ಅನಿಸಿತು. ನಾಳೆ ಹೇಳೋಣ, ಹಬ್ಬಕ್ಕೆ ಹೇಳೋಣ ಎಂದು ಎರಡು ವರ್ಷ ಕಳೆದ.

*

ಗಂಡ ಸತ್ತವಳ ಮಡಿಲಿಗೆ ತವರಿನ ಸೀರೆ ಬೀಳದೆ ಚಟ್ಟ ಏಳುವ ಹಾಗಿರಲಿಲ್ಲ. ಕುಪ್ಪುಸ್ವಾಮಿ ಸೀರೆ ತಂದು ಅಕ್ಕ ಮುನಿರತ್ನಮ್ಮನ ಮಡಿಲಿಗೆ ಇಟ್ಟ. ಅವಳು ಅವನ ಎರಡೂ ಕೈ ಹಿಡಿದುಕೊಂಡಳು.

"ಕುಪ್ಪ, ನಿನ್ನ ಕೆಲ್ಸ ಕೆಡ್ಸಿದ್ರು ಅಂತ ನಾನು ಅವ್ರನ್ನ ಎಷ್ಟು ಸಲ ಅಂದಿದೀನೋ. ತಿರ್ಗಿ ಮಾತಾಡ್ತಿರ್ಲಿಲ್ಲ ಪುಣ್ಯಾತ್ಮ. ಮನ್ಸಲ್ಲಿ ಇಟ್ಕಬ್ಯಾಡ. ಮಣ್ಣಿಗೆ ಓಗೋ ಮುಂಚೆ, ತಪ್ಪ ಒಟ್ಟೆಗಾಕ್ಕಂಡು ಒಪ್ಪಿದೀನಿ ಬಾವ ಅಂತ ಒಂದ್ಮಾತು ಅಂದ್ಬುಡು."

ಕುಪ್ಪುಸ್ವಾಮಿಗೆ ನಾಚಿಕೆಯಿಂದ ನೆಲವೇ ಬಿರಿಯಬಾರದೇ ಅನಿಸಿತು. ಬಾವ ನಿಜ ಗೊತ್ತಿದ್ದೂ ಹೆಂಡತಿಯ ಹತ್ತಿರ ಹತ್ತು ವರ್ಷ ಬೈಸಿಕೊಂಡಿದ್ದ. ಈಗಲೂ ಸುಮ್ಮನಿದ್ದರೆ ಆ ನಿಜ ಬಾವನ ಜೊತೆಯಲ್ಲೇ ಮಣ್ಣಾಗುತ್ತಿತ್ತು, ಅಕ್ಕ ಮಾತ್ರ ಸುಳ್ಳನ್ನು ನಂಬಿಕೊಂಡೇ ಬದುಕುತ್ತಿದ್ದಳು.

"ಅಕ್ಕ, ನಾನೇನು ಒಪ್ಕಳದು?" ಎಂದ. "ಪೆರುಮಾಳ್‌ನ ನೀನೂ ನೋಡಿದ್ಯಲ್ಲ, ಎಂಗೆ ಓದ ಅಂತ. ನಾನೂ ಅಂಗೇ ಓಗ್ಬೇಕಿತ್ತು. ನನ್ನ ಅಂಗಿ ಧೂಳಿಗೆ ಜೀವಕಣ ಸಾಯೋದ್ನ ಬಾವ ಎಣ್ಸಿ, ಕಣ್ಣಿಗೆ ತೋರ್ಸಿ, ಬೈಸ್ಕೊಂಡು, ನನ್ನ ಮೇಲಕ್ಕೆ ತಂದ. ಕೆಲ್ಸ ಕೆಡ್ಸಲಿಲ್ಲ ಅಕ್ಕ. ಉಳ್ಸಿದ. ಗೊತ್ತಿದ್ದೂ ನಾನು ಯೋಳ್ಳಿಲ್ಲ."

ಮುನಿರತ್ನಮ್ಮ ಎದ್ದು ಗಂಡನ ಪಕ್ಕ ಹೋಗಿ ಕೂತಳು. ಕಿತ್ತಳೆ ಹತ್ತಿದ ಆ ಎರಡು ಬೆರಳುಗಳನ್ನು ತನ್ನ ಕಣ್ಣಿಗೆ ಒತ್ತಿಕೊಂಡಳು.

"ಉಣ್ಣೋ ಮುಂಚೆ ಸರ್ಯಾಗಿ ಕೈ ತೊಳ್ಕಳಿ ಅಂತ ದಿನಾ ಬೈತಿದ್ದೆ," ಎಂದಳು. ಬಹಳ ಹೊತ್ತು ಅತ್ತಳು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು, "ಚಟ್ಟಕ್ಕೆ ಮುಂದ್ಲು ಎಗಲು ಕುಪ್ಪ ಕೊಡ್ಲಿ," ಅಂದಳು.

"ಅದು ದಾಯಾದಿಗಳ ಜಾಗ ಕಣಮ್ಮ," ಅಂದರು ಮುನಿಸ್ವಾಮಪ್ಪ. "ಅಲ್ದೆ ಅವನ ಮೊಣಕಾಲು ಬ್ಯಾರೆ."

"ಮೊಣಕಾಲಿಗೆ ಯಾವತ್ತೂ ಏನೂ ಆಗಿರ್ಲಿಲ್ಲ ದೊಡ್ಡ ಬಾವ," ಎಂದ ಕುಪ್ಪುಸ್ವಾಮಿ, ಎಲ್ಲರಿಗೂ ಕೇಳುವ ಹಾಗೆ. "ಸಾಯ್ತೀನಿ ಅಂತ ಭಯ ಬಿದ್ದಿದ್ದೆ."

ಮುನಿಸ್ವಾಮಪ್ಪ ಅವನ ಮುಖವನ್ನೂ ತಮ್ಮನ ಮುಖವನ್ನೂ ನೋಡಿದರು. ಪಕ್ಕಕ್ಕೆ ಸರಿದು ಜಾಗ ಬಿಟ್ಟರು.

ಹೊಲದ ದಾರಿ ಒಂದು ಮೈಲಿ, ಅದರಲ್ಲಿ ಅರ್ಧ ಏರು. ಕೆರೆ ಕಟ್ಟೆಯ ಹತ್ತಿರ ಒಮ್ಮೆ, ಹುಣಸೆಮರದ ಹತ್ತಿರ ಒಮ್ಮೆ ಹೊತ್ತವರು ಬದಲಾದರು. ಕುಪ್ಪುಸ್ವಾಮಿ ಬದಲಾಗಲಿಲ್ಲ. ಐವತ್ತರ ಹತ್ತಿರದ ಅವನ ಎದೆ ತುಂಬುತ್ತಿತ್ತು, ಇಳಿಯುತ್ತಿತ್ತು, ಮತ್ತೆ ತುಂಬುತ್ತಿತ್ತು. ಒಂದೊಂದು ಉಸಿರೂ ಬಾವ ಕೊಟ್ಟದ್ದು ಎಂದು ಅವನಿಗೆ ಅನಿಸಿತು.

ಚಟ್ಟ ಇಳಿಸಿದ ಮೇಲೆ ಉಳಿದವರು ಬದುವಿನ ಮೇಲೆ ಕೂತು ಏದುಸಿರು ಬಿಡುತ್ತಿದ್ದರು. ಗುಂಡಿಯೊಳಗೆ ನಿಂತು ದೇಹ ತೆಗೆದುಕೊಳ್ಳುವವರು ಯಾರು ಎಂದು ಮುನಿಸ್ವಾಮಪ್ಪ ಕೇಳುತ್ತಿರುವಾಗಲೇ ಕುಪ್ಪುಸ್ವಾಮಿ ಪಂಚೆ ಎತ್ತಿ ಕಟ್ಟಿ, ಅಂಚಿಗೆ ಕೈಯೂರಿ ಇಳಿದ. ಹತ್ತು ವರ್ಷದ ಮೇಲೆ ಅವನು ನೆಲದೊಳಕ್ಕೆ ಇಳಿದದ್ದು ಅದೇ ಮೊದಲು. ಎದೆಯ ಮಟ್ಟ ಮಣ್ಣಿನಲ್ಲಿ ನಿಂತು ಅವನು ಬಾವನಿಗಾಗಿ ಎರಡೂ ಕೈಗಳನ್ನು ಮೇಲಕ್ಕೆ ಚಾಚಿದ.