ಟಿ.ಸಿ. ಅಮೃತಪ್ಪನ ಕೆಂಪು ಕಣಗಳು

ವಾಡಿ ಜಂಕ್ಷನ್ನಿನಲ್ಲಿ ಮೂವತ್ತೊಂದು ವರ್ಷ ಟಿಕೆಟ್ ತಪಾಸಣೆ ಮಾಡಿ ನಿವೃತ್ತನಾದ ಅಮೃತಪ್ಪನಿಗೆ ಎರಡು ಹಮ್ಮುಗಳಿದ್ದವು. ತಾನು ಸುಳ್ಳು ಹೇಳುವವನಲ್ಲ ಎಂಬುದು ಒಂದು. ಸುಳ್ಳು ಹೇಳುವವರ ಮುಖ ಕಂಡರೆ ಸಾಕು, ತನಗೆ ತಿಳಿದುಬಿಡುತ್ತದೆ ಎಂಬುದು ಇನ್ನೊಂದು. ಶಿವನು ಈ ಎರಡನ್ನೂ ಒಂದೇ ದಿನ, ಒಂದೇ ಚೀಟಿಯಲ್ಲಿ ಇಳಿಸಿಬಿಟ್ಟ.

ಆ ಚೀಟಿ ಕಲಬುರಗಿಯ ಆಸ್ಪತ್ರೆಯಲ್ಲಿ ಡಾಕ್ಟರ್ ಜಬೀನಾಳ ಕೈಯಲ್ಲಿತ್ತು. ಅಮೃತಪ್ಪನಿಗೆ ರಕ್ತದ ಕ್ಯಾನ್ಸರ್ ಬಂದು, ತಿಂಗಳುಗಟ್ಟಲೆ ಸೂಜಿಮದ್ದು ಹಾಕಿಸಿಕೊಂಡು, ರೋಗ ಹಿಂದೆ ಸರಿದಿತ್ತು. ಅದು ಮರಳಿ ಬಾರದಿರಲೆಂದು ಎರಡು ವರ್ಷ ದಿನವೂ ಸಂಜೆ ಮಾತ್ರೆ ತೆಗೆದುಕೊಳ್ಳಬೇಕಿತ್ತು. ಆಗಲೇ ನಾಲ್ಕು ತಿಂಗಳು ಕಳೆದಿದ್ದವು.

"ಕಾಕಾ, ಖರೇ ಹೇಳ್ರಿ. ಮಾತ್ರೆ ತಗೊಳ್ಳಿಕತ್ತೀರೋ ಇಲ್ಲೋ?"

"ಒಂದು ದಿನಾನೂ ತಪ್ಪಿಸಿಲ್ಲ ತಾಯಿ."

"ಹಂಗಾದ್ರ ಔಷಧ ಎಲ್ಲಿ ಹೋಯ್ತು?" ಆಕೆ ಚೀಟಿಯನ್ನು ಮೇಜಿನ ಮೇಲಿಟ್ಟಳು. "ರಕ್ತದ ಕೆಂಪು ಕಣಕ್ಕ ಸಣ್ಣ ಸಣ್ಣ ಬಾಗಿಲು ಇರ್ತಾವ್ರಿ. ಈ ಔಷಧ ಆ ಬಾಗಿಲದಿಂದ ಒಳಗ ಹೋಗ್ತದ. ಹೋದ ಮ್ಯಾಲೆ ಅದರ ರೂಪ ಬದಲಾಗ್ತದ, ಹೊಳ್ಳಿ ಹೊರಗ ಬರ್ಲಿಕ್ಕೆ ಆಗಂಗಿಲ್ಲ. ಕಣ ಬದುಕೋದು ನಾಕು ತಿಂಗಳು. ಅಲ್ಲೀತನಕ ಅದರ ಹೊಟ್ಟ್ಯಾಗೇ ಕೂತಿರ್ತದ. ಅದಕ್ಕೇ ನಿಮ್ಮ ರಕ್ತ ಹೈದರಾಬಾದಿಗೆ ಕಳಿಸಿ ನೋಡಿಸ್ದೆ. ನಿಮ್ಮ ಕಣದಾಗ ಔಷಧ ಇಲ್ಲ ಅಂದ್ರೂ ನಡೀತದ, ಅಷ್ಟು ಕಡಿಮಿ ಅದ."

"ತಗೊಂಡೀನ್ರಿ! ಶಿವನಾಣೆ ತಗೊಂಡೀನಿ!"

ಹೇಳಿದ ಮೇಲೆ ಅಮೃತಪ್ಪನ ಕಿವಿಗೆ ತನ್ನ ದನಿಯೇ ಪರಿಚಯದ್ದೆನಿಸಿತು. ಸೇಡಂನಿಂದ ಹತ್ತಿ ವಾಡಿಯಲ್ಲಿ ಸಿಕ್ಕಿಬಿದ್ದವರೆಲ್ಲ ಇದೇ ದನಿಯಲ್ಲಿ, "ತಗೊಂಡೀನ್ರಿ ಸಾಹೇಬ್ರ, ಎಲ್ಲೋ ಬಿದ್ದದ" ಎನ್ನುತ್ತಿದ್ದರು. ಮೂವತ್ತೊಂದು ವರ್ಷಗಳಲ್ಲಿ ಆತ ಒಬ್ಬರನ್ನೂ ನಂಬಿರಲಿಲ್ಲ. ಈಗ ಅವನ ಮೈಯಲ್ಲೇ ಕೋಟ್ಯಂತರ ಕಣಗಳು ಟಿಕೆಟ್ಟಿಲ್ಲದೆ ಓಡಾಡುತ್ತಿದ್ದವು.

"ಎರಡು ತಿಂಗಳು ಬಿಟ್ಟು ಮತ್ತ ನೋಡೋಣ. ಆಗೂ ಹಿಂಗೇ ಬಂದ್ರ ಮಾತ್ರೆ ಬಿಡಿಸಿ ಸೂಜಿಗೇ ಹಾಕಬೇಕಾಗ್ತದ. ರೋಗ ಹೊಂಚು ಹಾಕಿ ಕೂತಿರ್ತದ ಕಾಕಾ."

ಜೊತೆಗೆ ಬಂದಿದ್ದ ಸೊಸೆ ಐಶ್ವರ್ಯ ಪ್ಯಾಸೆಂಜರ್ ಗಾಡಿ ಶಹಾಬಾದ ದಾಟುವವರೆಗೂ ಚೀಟಿಯನ್ನೇ ತಿರುಗಿಸಿ ತಿರುಗಿಸಿ ಓದಿದಳು. ಆಮೇಲೆ, "ಮಾಮಾ, ಹಿತ್ತಲದಾಗಿನ ಕರಿಬೇವು ಈ ಸಲ ಭಾಳ ಹುಲುಸಾಗ್ಯಾದ. ಮಾತ್ರೆ ಅದರ ಬುಡಕ್ಕ ಹಾಕ್ಲಿಕತ್ತೀರೇನು?" ಎಂದಳು.

"ಆ ಮಾತ್ರೆ ತಿಂದಿದ್ರ ಅದರ ಎಲೀನೂ ನನ್ನ ಕೂದಲದಂಗ ಉದುರ್ತಿದ್ದವು. ಸುಮ್ನ ಕೂಡವ್ವ."

"ಹಂಗಾದ್ರ ಇವತ್ತಿನಿಂದ ನನ್ನ ಎದುರಿಗೇ ತಗೋರಿ."

"ಪೂಜಾದಾಗ ತಗೋತೀನಿ. ಅಲ್ಲಿ ಯಾರೂ ಬರಬಾರದು."

ಯಾರೂ ಬರಬಾರದೆಂಬುದಕ್ಕೆ ಕಾರಣ ದೇವರಲ್ಲ, ಹೆಂಡತಿ ಚಂದಮ್ಮ. ಮೂವತ್ತೆಂಟು ವರ್ಷ ಆಕೆ ಸಂಜೆ ಆಕಳು ಕರೆದು, ಒಲೆ ಕಾಣದ ಹಾಲನ್ನು ಹಿತ್ತಾಳೆಯ ಬಟ್ಟಲಲ್ಲಿ ತಂದು ಗಂಡನ ಮುಂದಿಡುತ್ತಿದ್ದಳು. ಆತ ಅಂಗೈಯ ಲಿಂಗಕ್ಕೆ ಅರ್ಪಿಸಿದ ಮೇಲೆ ಅರ್ಧ ಅವನಿಗೆ, ಅರ್ಧ ಆಕೆಗೆ. ಆಕೆ ತೀರಿ ಎರಡು ವರ್ಷವಾಗಿತ್ತು. ಮುಧೋಳದ ತವರಿನಿಂದ ಆಕೆ ಹೊಡೆದುಕೊಂಡು ಬಂದಿದ್ದ ಆಕಳಿನ ಮರಿಮಗಳನ್ನು ಈಗ ಅಮೃತಪ್ಪನೇ ಕರೆಯುತ್ತಿದ್ದ. ಎರಡು ಪಾಲನ್ನೂ ಅವನೇ ಕುಡಿಯುತ್ತಿದ್ದ, ಕುಡಿಯುತ್ತ ಆಕೆಯೊಡನೆ ಮಾತಾಡುತ್ತಿದ್ದ. ಅರವತ್ತೆಂಟರ ಗಂಡಸು ಹೆಂಡತಿಯ ಖಾಲಿ ಮಣೆಗೆ ಊರ ಸುದ್ದಿ ಹೇಳುವುದನ್ನು ಸೊಸೆ ನೋಡಬಾರದಲ್ಲ!

ಆದರೆ ಐಶ್ವರ್ಯ ಕೇಳುವ ಪೈಕಿಯವಳಲ್ಲ. ಸಂಜೆ ಬಾಗಿಲ ಸಂದಿಯಲ್ಲಿ ನಿಂತಳು. ಮಾವ ಗಂಧ ತೇಯುವ ಕಲ್ಲಿನ ಮೇಲೆ ಮಾತ್ರೆಯನ್ನು ನುಣ್ಣಗೆ ಅರೆದ, ಹಸಿಹಾಲಿನಲ್ಲಿ ಕದಡಿದ, ಮುಂದಿಟ್ಟುಕೊಂಡು ಒಂದು ತಾಸು ಪೂಜೆ ಮಾಡಿದ. ಬಟ್ಟಲು ಬಾಯಿಗೆ ಹೋಗುವಷ್ಟರಲ್ಲಿ ಆಕೆ ಒಳಗೆ ನುಗ್ಗಿ ಕೈ ಹಿಡಿದಳು, ಇನ್ನೊಂದು ಕೈಯಲ್ಲಿ ಡಾಕ್ಟರಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿ, ಕಂಡದ್ದನ್ನೆಲ್ಲ ಹೇಳಿದಳು.

ಕೇಳಿ ಮುಗಿಸಿದ ಜಬೀನಾ ನೇರವಾಗಿ ಅಮೃತಪ್ಪನಿಗೇ ಹೇಳಿದಳು: "ಕಾಕಾ, ಹಸಿಹಾಲಿನಾಗ ಈ ಔಷಧ ಕೆಡಿಸೋ ಅಂಶ ಇರ್ತದ. ತಾಸುಗಟ್ಟಲೆ ಇಟ್ರ ಕಣದ ಬಾಗಿಲತನಕ ಏನು ಉಳೀತದ? ಮ್ಯಾಲೆ ಈ ರೋಗದವರು ಕಾಯಿಸದ ಹಾಲು ಮುಟ್ಟಲೇಬಾರದು. ಮಾತ್ರೆ ಅರೀಲೂಬಾರದು. ನೀರಿನ ಕೂಡ ನುಂಗ್ರಿ ಅಂತ ಬರೆದಿದ್ದೆ ಅಲ್ಲೇನು?"

"ಹಾಲಿನಾಗೂ ನೀರು ಇರ್ತದಂತ ತಿಳ್ಕೊಂಡೆ ತಾಯಿ. ವಾಡಿ ಸ್ಟೇಷನ್ನಿನ ಚಹಾ ಕುಡಿದವ ನಾನು."

"ಮಾಮಾ!" ಎಂದಳು ಐಶ್ವರ್ಯ.

"ಲಿಂಗಕ್ಕ ಅರ್ಪಿಸದ ವಸ್ತು ನನ್ನ ಬಾಯಿಗೆ ಹೋಗಂಗಿಲ್ಲ" ಎಂದು ಅಮೃತಪ್ಪ ಗಂಭೀರನಾದ.

"ಅರ್ಪಿಸ್ರಿ, ಬ್ಯಾಡಂದವರು ಯಾರು? ಇಡೀ ಮಾತ್ರೇನೇ ಅರ್ಪಿಸ್ರಿ. ಅರದು ಕೊಡ್ಲಿಕ್ಕೆ ನಿಮ್ಮ ದೇವರಿಗೇನು ಹಲ್ಲಿಲ್ಲೇನ್ರಿ?" ಎಂದಳು ಜಬೀನಾ.

ಅರೆಯಬೇಕು, ಹಾಲಿನಲ್ಲಿ ಕದಡಬೇಕು ಎಂಬ ನಿಯಮ ಯಾವ ಶರಣರದೂ ಅಲ್ಲ, ಅಮೃತಪ್ಪನೆಂಬ ಒಬ್ಬ ಟಿ.ಸಿ.ಯದು. ಹೆಂಡತಿಯ ಬಟ್ಟಲು ಬಿಡಲಾರದೆ ಮಾಡಿಕೊಂಡ ನಿಯಮಕ್ಕೆ ಭಕ್ತಿಯೆಂದು ಹೆಸರಿಟ್ಟಿದ್ದ. ಇನ್ನೂ ಕೆದಕಿದರೆ ಅದರ ಕೆಳಗೆ ಇನ್ನೊಂದಿತ್ತು: ಮಾತ್ರೆ ನಾಟದೆ ಹೋದರೆ ಹೋಗಲಿ, ಆಕೆ ಹೋದಲ್ಲಿಗೇ ಹೋದೇನು ಎಂಬ ಆಸೆ. ಅಂಥ ಆಸೆಯಿದ್ದವನೇ ಡಾಕ್ಟರ್ ಸೂಜಿಯ ಮಾತೆತ್ತಿದಾಗ ಹೆದರಿದ್ದ.

ಅಂದಿನಿಂದ ಹಾಲು ಒಲೆಗೇರಿತು, ಮರುದಿನ ಬೆಳಗಿನ ಚಹಾಕ್ಕೆ ಸೇರಿತು. ಸಂಜೆ ಇಡೀ ಮಾತ್ರೆ ಬಿಲ್ವದೆಲೆಯ ಮೇಲೆ, ಪಕ್ಕದಲ್ಲಿ ಒಂದು ಲೋಟ ನೀರು, ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟ ಐಶ್ವರ್ಯ.

"ಬಾಯಿ ತಗೀರಿ. ನಾಲಿಗಿ ಎತ್ರಿ."

ಅವನು ಎತ್ತುತ್ತಿದ್ದ.

ಎರಡು ತಿಂಗಳ ಮೇಲೆ ಹೈದರಾಬಾದಿನಿಂದ ಚೀಟಿ ಬಂತು. "ಸಾಕಾಗೋವಷ್ಟು ಅದ ಕಾಕಾ. ಹಿಂಗೇ ನಡಸ್ರಿ" ಎಂದಳು ಜಬೀನಾ. ಐಶ್ವರ್ಯ ಆಸ್ಪತ್ರೆಯ ಅಂಗಳದಲ್ಲೇ ಕಣ್ಣೊರೆಸಿಕೊಂಡಳು. ಮಾವನಿಗೆ ಒಂದು ಬೈಗುಳವನ್ನೂ ಕೊಟ್ಟಳು.

ಆ ಸಂಜೆ ಅಮೃತಪ್ಪ ಮಣೆಯ ಕಡೆ ನೋಡಿದ. ಸೊಸೆ ಬಾಗಿಲಲ್ಲೇ ಇದ್ದಳು. ಇರಲಿ ಎಂದುಕೊಂಡ.

"ಚಂದೂ, ಔಷಧ ಒಳಗ ಹೋಗ್ಯಾದಂತ. ನಾ ಬರೋದು ಇನ್ನೂ ತಡ ಆಗ್ತದ. ಸಿಟ್ಟಾಗಬ್ಯಾಡ."

"ಮೊದ್ಲು ನುಂಗ್ರಿ ಮಾಮಾ, ಆಮ್ಯಾಲೆ ಅತ್ತಿ ಕೂಡ ಮಾತಾಡ್ರಿ" ಎಂದಳು ಐಶ್ವರ್ಯ.

ಅಮೃತಪ್ಪ ಮಾತ್ರೆಯನ್ನು ಬಾಯಿಗೆ ಹಾಕಿಕೊಂಡು ಗಟಗಟನೆ ನೀರು ಕುಡಿದ.