ಗರಿ ಚುಚ್ಚಿತೆಂದು ಒಪ್ಪಿಕೊಂಡ ಶಹಾತ್

ನೈಲ್ ನದಿಯ ದಂಡೆಯ ಅಸ್ವಾನಿನ ಖರ್ಜೂರದ ತೋಟಗಳಲ್ಲಿ ಶಹಾತ್‌ನಂತೆ ಮರ ಹತ್ತುವವನು ಇನ್ನೊಬ್ಬನಿರಲಿಲ್ಲ. ಇಪ್ಪತ್ತೆಂಟು ವರ್ಷದಲ್ಲಿ ಒಮ್ಮೆಯೂ ಕಾಲು ಜಾರಿದವನಲ್ಲ. ಅಂಥವನಿಗೆ, ಕಾಯಿ ಹಿಡಿಯಲೆಂದು ಹೆಣ್ಣು ಮರದ ಗೊಂಚಲಿಗೆ ಗಂಡು ಹೂವಿನ ಎಳೆ ಕಟ್ಟುವಾಗ, ಗರಿಯ ಮೊನೆ ಕಣ್ಣಿಗೆ ಚುಚ್ಚಿತು. ಹೇಳಿಕೊಂಡರೆ ಮಾನ ಹೋದೀತೆಂದು ಹೆಂಡತಿ ಸನಿಯ್ಯಾಳಿಗೂ "ಧೂಳು ಬಿತ್ತು" ಎಂದಷ್ಟೇ ಹೇಳಿದ.

ಮಗ ಹಮ್ದಿಗೆ ಹೋದ ವರ್ಷ ಕಣ್ಣು ಕೆಂಪಾದಾಗ ವೈದ್ಯರು ಕೊಟ್ಟಿದ್ದ ಹನಿಯೌಷಧಿ ಮನೆಯಲ್ಲಿ ಉಳಿದಿತ್ತು. ಅದನ್ನೇ ಹಾಕಿಕೊಂಡ. ಎರಡು ದಿನ ಉರಿ ತಗ್ಗಿತು. ಆರನೆಯ ದಿನ ಕಣ್ಣಿನ ಕಪ್ಪು ಭಾಗದ ಮೇಲೆ ಬಿಳಿ ಚುಕ್ಕೆ ಎದ್ದಿತು, ನೋಟ ಮಬ್ಬಾಯಿತು.

ಪಕ್ಕದ ಮನೆಯ ಆರೋಗ್ಯ ಕಾರ್ಯಕರ್ತೆ ವಿಸಾಲ್ ಬಂದು ಕಣ್ಣು ನೋಡಿದಳು, ಹನಿಯ ಶೀಶೆಯ ಮೇಲಿನ ಚೀಟಿಯನ್ನೂ ಓದಿದಳು.

"ನಿಜ ಹೇಳಿ ಚಿಕ್ಕಪ್ಪ. ಧೂಳೋ, ಗರಿಯೋ?"

"ಧೂಳು ಅಂದ್ನಲ್ಲ. ನಾನು ಸಾಕಿದ ಮರ ನನ್ನನ್ನೇ ಚುಚ್ಚುತ್ತಾ?"

"ನೀವು ದೊಡ್ಡ ಮೇಸ್ತ್ರಿ ಅಂತ ಮರಕ್ಕೇನು ಗೊತ್ತು? ಗರಿ ತಾಗಿದ್ರೆ ಬೂಷ್ಟು ಒಳಗೆ ಸೇರ್ಕೊಂಡಿರುತ್ತೆ. ಈ ಹನೀಲಿ ಸ್ಟಿರಾಯ್ಡ್ ಇದೆ. ಉರಿ ಅಡಗುತ್ತೆ, ಬೂಷ್ಟಿಗೆ ಮಾತ್ರ ಗೊಬ್ಬರ ಹಾಕಿದ ಹಾಗೆ."

ಸನಿಯ್ಯಾಳಿಗೆ ರೇಗಿತು. "ಹಮ್ದಿ ಅಪ್ಪ, ಒಂಟಿಗಣ್ಣಲ್ಲಿ ಮರ ಹತ್ತೋಕಾಗುತ್ತಾ? ಬಾಯಿ ಬಿಡಿ."

ಶಹಾತ್ ತಲೆ ತಗ್ಗಿಸಿದ. "ಗರೀನೇ ಕಣೇ," ಎಂದ.

ಕಣ್ಣಾಸ್ಪತ್ರೆಯಲ್ಲಿ ಆ ಮಾತೇ ವೈದ್ಯೆಗೆ ದಾರಿ ತೋರಿಸಿತು. ಅವರು ಕಣ್ಣು ಮರಗಟ್ಟಿಸಿ, ಹುಣ್ಣಿನಿಂದ ಒಂದಿಷ್ಟು ಕೆರೆದು, ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಎಳೆ ಎಳೆಯಾಗಿ ಶಿಲೀಂಧ್ರ ಕಂಡಿತು.

"ಗರಿ ಅಂತ ಹೇಳಿದ್ದು ಒಳ್ಳೇದಾಯ್ತು. ಹಳೇ ಹನಿ ಬಿಟ್ಬಿಡಿ. ಬೂಷ್ಟು ಕೊಲ್ಲೋ ಈ ನಟಮೈಸಿನ್ ಹನಿ ಗಂಟೆಗೊಂದು ಸಲ, ರಾತ್ರಿನೂ ಹಾಕಿ. ವಾಸಿ ಆಯ್ತು ಅನ್ನಿಸಿದ್ರೂ ನಾನು ಹೇಳೋ ತನಕ ನಿಲ್ಲಿಸಬೇಡಿ."

ಸನಿಯ್ಯಾ ಒಂದು ಹನಿಯನ್ನೂ ತಪ್ಪಿಸಲಿಲ್ಲ. ಏಳು ವಾರ ಹಿಡಿಯಿತು. ಸಣ್ಣ ಕಲೆ ಉಳಿದರೂ ನೋಟ ಮರಳಿತು. ತಲೆಗೆ ಬಂದದ್ದು ಪೇಟಕ್ಕೆ ಹೋಯಿತು.

ಮರುವರ್ಷ ಶಹಾತ್ ದೊಡ್ಡ ಕನ್ನಡಕ ಕಟ್ಟಿಕೊಂಡು ತೋಟಕ್ಕೆ ಬಂದಾಗ ಜೊತೆಗಾರರು ನಕ್ಕರು. "ಏನ್ ಮೇಸ್ತ್ರಿ, ನೈಲ್‌ನಲ್ಲಿ ಈಜೋಕೆ ಹೊರಟ್ಯಾ?"

"ನನಗೆ ಗರಿ ಚುಚ್ಚಿತ್ತು ಕಣ್ರೋ," ಎಂದ ಅವನು, ಎಲ್ಲರಿಗೂ ಕೇಳುವಂತೆ. "ಹೇಳ್ಕೊಂಡೆ, ಕಣ್ಣು ಉಳೀತು. ನಿಮಗೆ ಚುಚ್ಚಿದ್ರೂ ಹೇಳಿ."

ಹಾಗೆಂದು ಸರಸರನೆ ಮರ ಹತ್ತಿದ. ಕೆಳಗೆ ನಿಂತಿದ್ದ ಸನಿಯ್ಯಾಳಿಗೆ, ಇಷ್ಟು ವರ್ಷದಲ್ಲಿ ಎಂದೂ ಆಗದಷ್ಟು ಹೆಮ್ಮೆಯಾಯಿತು.

ಕೇಳಿದಿರಲ್ಲ? ಕಬ್ಬಿನ ಗರಿಯಾಗಲಿ, ಭತ್ತದ ಮೊನೆಯಾಗಲಿ, ಕಣ್ಣಿಗೆ ತಾಗಿದರೆ ಅಂದೇ ಕಣ್ಣಾಸ್ಪತ್ರೆಗೆ ಹೋಗಿ. ಉಳಿದ ಹನಿಯೌಷಧಿಯನ್ನು ಮುಟ್ಟಬೇಡಿ. ಏನು ತಾಗಿತೆಂದು ವೈದ್ಯರಿಗೆ ಇದ್ದದ್ದು ಇದ್ದಂತೆ ಹೇಳಿ.